ಕುಡಿಯುವ ಬೇವು

ಮಂಡ್ಯ ಕಡೆಯ ನಮ್ಮ ಮನೆಯಲ್ಲಿ ಬೇವು ಎಂದರೆ ಒಂದು ಚಿಟಿಕೆ. ಯುಗಾದಿಯ ಬೆಳಿಗ್ಗೆ ಎಣ್ಣೆನೀರು ಎರೆದುಕೊಂಡು, ಹೊಸ ಬಟ್ಟೆ ತೊಟ್ಟು, ದೇವರ ಮುಂದೆ ಸಾಲಾಗಿ ನಿಂತ ನಮ್ಮ ಅಂಗೈಗೆ ಅಮ್ಮ ಹಾಕುತ್ತಿದ್ದದ್ದು ನಾಲ್ಕು ಎಲೆಚೂರು, ಅದರ ಮೇಲೆ ಅದಕ್ಕಿಂತ ದೊಡ್ಡದೊಂದು ಬೆಲ್ಲದ ತುಣುಕು. ಕಣ್ಣು ಮುಚ್ಚಿ ಅಗಿದು ನುಂಗಿದರೆ ಮುಗಿಯಿತು, ಆಮೇಲೆ ಒಬ್ಬಟ್ಟಿನ ಕಡೆಗೇ ಗಮನ. ಹೀಗಾಗಿ ಲಕ್ಕುಂಡಿಯ ಗೆಳೆಯ ಫೋನು ಮಾಡಿ, ‘ಈ ಸಲ ಹಬ್ಬಕ್ಕ ನಮ್ಮೂರಿಗೆ ಬಾ, ಬೇವು ಕುಡಿಯಾಕ’ ಎಂದಾಗ ‘ತಿನ್ನಾಕ’ ಎನ್ನುವ ಬದಲು ಹಾಗಂದನೇನೋ ಎಂದುಕೊಂಡೆ. ಮೈಸೂರಿನ ಹಾಸ್ಟೆಲಿನಲ್ಲಿ ಮೂರು ವರ್ಷ ನನ್ನ ರೂಮಿನಲ್ಲಿದ್ದವನು ಅವನು. ಆ ಮೂರು ವರ್ಷವೂ ಯುಗಾದಿಗೆ ಅವನು ಅವನ ಊರಿಗೆ, ನಾನು ನನ್ನ ಊರಿಗೆ ಹೋಗಿದ್ದರಿಂದ ಬೇವಿನ ಮಾತು ನಮ್ಮ ನಡುವೆ ಬಂದೇ ಇರಲಿಲ್ಲ.

2025ರ ಯುಗಾದಿ ಮಾರ್ಚ್ 30, ಭಾನುವಾರ ಬಿದ್ದಿತ್ತು. ಶನಿವಾರ ಸಂಜೆ ಬೆಂಗಳೂರಿನಲ್ಲಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ. ಬಟ್ಟೆಯ ಚೀಲಕ್ಕಿಂತ ಭಾರವಾಗಿದ್ದದ್ದು ಬೆಲ್ಲದ ಚೀಲ. ಹಿಂದಿನ ವಾರವಷ್ಟೇ ನಮ್ಮೂರ ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಇಳಿಸಿ ಅಚ್ಚಿಗೆ ಹೊಯ್ದ ಬೆಲ್ಲ ಅದು. ಹಬ್ಬದ ಮನೆಗೆ ಬರಿಗೈಯಲ್ಲಿ ಹೋಗಬೇಡ ಎಂದು ಅಮ್ಮ ಕಟ್ಟಿಕೊಟ್ಟಿದ್ದಳು. ಬೋಗಿಯ ತುಂಬ ಊರಿಗೆ ಹೊರಟವರು. ಗಾರೆ ಕೆಲಸ, ಸೆಂಟ್ರಿಂಗ್ ಕೆಲಸ ಮಾಡುವವರು, ಅವರ ಮಕ್ಕಳು, ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿದ ಹೊಸ ಬಟ್ಟೆ. ನನ್ನೆದುರಿನ ಸೀಟಿನಲ್ಲಿ ಬಾಗಲಕೋಟೆಗೆ ಹೊರಟ ಒಂದು ಸಂಸಾರ. ಅವರು ಹೊರಟಿದ್ದದ್ದು ರಂಜಾನ್ ಹಬ್ಬಕ್ಕೆ. ‘ನಾಳೆ ಚಂದ್ರ ಕಂಡ್ರ ನಾಡಿದ್ದು ಹಬ್ಬರೀ, ಇಲ್ಲಂದ್ರ ಮಂಗಳವಾರ’ ಎಂದ ಯಜಮಾನರು ಖರ್ಜೂರದ ಡಬ್ಬಿಯನ್ನು ನನ್ನ ಮುಂದೆ ಹಿಡಿದರು. ನಾನು ಒಂದು ಅಚ್ಚು ಬೆಲ್ಲ ಒಡೆದು ಅವರ ಮಕ್ಕಳಿಗೆ ಕೊಟ್ಟೆ. ಅರಸೀಕೆರೆ ಬರುವಷ್ಟರಲ್ಲಿ ಬೋಗಿಯೆಲ್ಲ ನಿದ್ದೆ ಹೋಗಿತ್ತು.

ಗದಗದಲ್ಲಿ ಇಳಿದಾಗ ಇನ್ನೂ ಬೆಳಕಾಗಿರಲಿಲ್ಲ. ಲಕ್ಕುಂಡಿ ಅಲ್ಲಿಂದ ಸುಮಾರು 12 ಕಿಲೋಮೀಟರು, ಕೊಪ್ಪಳದ ದಾರಿಯಲ್ಲಿ. ಬಸ್ಸಿನ ಕಿಟಕಿಯಾಚೆ ಮೂಡಣ ಕೆಂಪಾದಂತೆ ಎರೆಹೊಲಗಳು ಕಾಣತೊಡಗಿದವು. ನಾನು ನಾಲೆಯ ನೀರಿನ ಗದ್ದೆ, ಕಬ್ಬಿನ ಹಸಿರು ನೋಡಿ ಬೆಳೆದವನು. ಇಲ್ಲಿ ಹಿಂಗಾರಿನ ಜೋಳ, ಕಡಲೆ, ಗೋಧಿ ಎಲ್ಲ ಕೊಯ್ಲಾಗಿ, ಕಣವೂ ಮುಗಿದು, ಕಪ್ಪು ನೆಲ ಬಾಯಿಬಿಟ್ಟುಕೊಂಡು ಮಲಗಿತ್ತು. ಅಲ್ಲಲ್ಲಿ ಕಣಕಿಯ ಬಣವೆ, ದೂರದಲ್ಲಿ ಗಾಳಿಯಂತ್ರಗಳ ಸಾಲು. ಅಷ್ಟು ಬೋಳು ನೆಲದ ನಡುವೆ ಹಸಿರೆಂದರೆ ಬೇವಿನ ಮರಗಳು. ಒಂದೊಂದೂ ಹೊಸ ಎಲೆ ತಳೆದು, ಎಲೆಯ ಸಂದಿಯಲ್ಲೆಲ್ಲ ಬಿಳಿಯ ಹೂಗೊಂಚಲು ಇಳಿಬಿಟ್ಟು ನಿಂತಿದ್ದವು. ನೆಲದಲ್ಲಿ ತೇವವೇ ಇಲ್ಲದ ಹೊತ್ತಿನಲ್ಲಿ ಈ ಮರ ಹೂ ಬಿಡುತ್ತದೆ. ಇಲ್ಲಿಯವರು ಹಬ್ಬಕ್ಕೆ ಇದನ್ನೇ ಹಿಡಿದುಕೊಂಡದ್ದು ಏಕೆಂದು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಮನೆ ಮುಟ್ಟಿದಾಗ ಗೆಳೆಯನ ಅಣ್ಣನ ಮಗ ಹಿತ್ತಲಿನ ಬೇವಿನ ಮರದ ಮೇಲಿದ್ದ. ಕೆಳಗೆ ಅಜ್ಜನ ಹಳೆಯ ಧೋತರ ಹಾಸಿತ್ತು. ಹುಡುಗ ಟೊಂಗೆ ಅಲುಗಿಸಿದಾಗಲೆಲ್ಲ ಹೂ ಉದುರಿ ಧೋತರದ ಮೇಲೆ ಅಕ್ಕಿ ಚೆಲ್ಲಿದ ಹಾಗಾಗುತ್ತಿತ್ತು. ಗೆಳೆಯನ ಅವ್ವ ಅದನ್ನು ಮೊರಕ್ಕೆ ಬಳಿದುಕೊಂಡು, ಅಂಗೈಗಳ ನಡುವೆ ಮೆಲ್ಲಗೆ ಉಜ್ಜಿ, ಕೇರಿ, ತೊಟ್ಟು ಕಡ್ಡಿಯನ್ನೆಲ್ಲ ಹಾರಿಸಿದರು. ಉಳಿದದ್ದು ಎಸಳು ಮಾತ್ರ, ಎರಡು ಮುಷ್ಟಿಯಷ್ಟು. ‘ಮೂಸಿ ನೋಡು ತಮ್ಮಾ’ ಎಂದು ಮೊರವನ್ನು ನನ್ನ ಮುಖದ ಹತ್ತಿರ ತಂದರು. ಜೇನಿನ ವಾಸನೆ! ಅಷ್ಟು ವರ್ಷ ಎಲೆಯನ್ನೇ ಅಗಿದ ನನಗೆ ಬೇವಿನ ಹೂವಿಗೆ ಇಂಥ ಪರಿಮಳವಿದೆ ಎಂಬುದೇ ತಿಳಿದಿರಲಿಲ್ಲ. ಒಂದು ಎಸಳು ನಾಲಿಗೆಯ ಮೇಲಿಟ್ಟುಕೊಂಡೆ. ಮೂಗಿಗೆ ಸಿಹಿ, ನಾಲಿಗೆಗೆ ಅಪ್ಪಟ ಕಹಿ.

ಬೇವು ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಸಂತೆಯಿಂದ ತಂದ ಹೊಸ ಗಡಿಗೆ, ಎರಡು ದಿನ ನೀರು ತುಂಬಿಟ್ಟು ಹದ ಮಾಡಿದ್ದು. ರಾತ್ರಿಯೇ ನೆನೆಹಾಕಿದ್ದ ಹುಣಸೆಯನ್ನು ಅವ್ವ ಕಿವುಚಿ ಸೋಸಿದರು. ಅದು ಈ ಬೇಸಿಗೆಯ ಹುಣಸೆ. ಕರಿಬಣ್ಣಕ್ಕೆ ತಿರುಗಿರಲಿಲ್ಲ, ರಸ ಕೆಂಚಗೆ ತಿಳಿಯಾಗಿತ್ತು. ನಾನು ತಂದ ಬೆಲ್ಲವನ್ನು ಮುರಿದು, ಬಾಯಿಗೆ ಹಾಕಿಕೊಂಡು, ‘ಚಲೋ ಐತಿ. ನಮ್ಮದು ಮಹಾಲಿಂಗಪೂರದ ಬೆಲ್ಲ. ಇವತ್ತ ಎರಡೂ ಕೂಡಸೂಣು’ ಎಂದರು. ಎರಡು ಊರಿನ ಬೆಲ್ಲವೂ ಆ ಹುಳಿಯಲ್ಲಿ ಕರಗಿತು. ಮೇಲೆ ಪುಟಾಣಿ ಹಿಟ್ಟು, ಅಂದರೆ ನಮ್ಮ ಹುರಿಗಡಲೆಯ ಪುಡಿ. ತುರಿದ ಮಾವಿನಕಾಯಿ, ತುರಿದ ಒಣ ಕೊಬ್ಬರಿ, ಹೆಚ್ಚಿದ ಉತ್ತತ್ತಿ, ಗೋಡಂಬಿ, ಒಣದ್ರಾಕ್ಷಿ, ಹುರಿದ ಗಸಗಸೆ, ಏಲಕ್ಕಿ. ಎಲ್ಲಕ್ಕೂ ಕೊನೆಗೆ ಬೇವಿನ ಎಸಳು. ಅದನ್ನು ಮಾತ್ರ ಅವ್ವ ಚಮಚದಲ್ಲಿ ಅಳೆಯಲಿಲ್ಲ. ಬಲಗೈಯಲ್ಲಿ ತೆಗೆದು ಗಡಿಗೆಯ ಬಾಯಿಗೆ ಒಂದು ಸುತ್ತು ಉದುರಿಸಿದರು.

ಒಂದು ಪಾತ್ರೆಯಲ್ಲಿ ಬರಿಯ ಹುಣಸೆ ಬೆಲ್ಲದ ನೀರನ್ನು ಬೇರೆ ಎತ್ತಿಟ್ಟು ಮುಚ್ಚಿದ್ದನ್ನು ಗಮನಿಸಿದೆ. ‘ಅದು ಸಂಜಿಗೆ. ಹಿಟ್ಟು, ಹಣ್ಣು ಈಗ ಹಾಕಿದ್ರ ಸಂಜೀತನಾ ಕೆಡತೈತಿ’ ಎಂದರು. ಸಂಜೆಗೆ ಯಾರು ಬರುತ್ತಾರೆ ಎಂದು ನಾನು ಕೇಳಲಿಲ್ಲ.

ಪೂಜೆಯಾಗಿ ಮೊದಲ ಲೋಟ ಕೈಗೆ ಬಂತು. ಗಡಿಗೆಯ ತಂಪು, ಹುಳಿ ಬೆರೆತ ಸಿಹಿ, ಹಿಟ್ಟಿನ ಮಂದ. ನಡುನಡುವೆ ಮಾವಿನಕಾಯಿಯ ಎಳೆ ಹಲ್ಲಿಗೆ ಸಿಕ್ಕಿ ಚುರುಕ್ಕೆನ್ನುತ್ತಿತ್ತು. ಕಹಿ ಎಲ್ಲಿ ಎಂದು ಹುಡುಕಿದೆ. ಗುಟುಕು ಇಳಿದ ಮೇಲೆ, ಗಂಟಲ ಹಿಂದಿನಿಂದ ಅದು ನಿಧಾನಕ್ಕೆ ಎದ್ದು ಬಂತು, ಮತ್ತೊಂದು ಗುಟುಕಿಗೆ ಬಾಯನ್ನು ಶುಚಿ ಮಾಡಿಕೊಟ್ಟು ಹೋಯಿತು. ಎರಡನೆಯ ಲೋಟ ನಾನೇ ಕೇಳಿ ಹಾಕಿಸಿಕೊಂಡೆ.

‘ನಿಮ್ಮ ಕಡೆ ಬೇವು ಹೆಂಗ ಮಾಡ್ತೀರಿ ಅಣ್ಣಾರ?’ ಎಂದರು ಗೆಳೆಯನ ವೈನಿ. ಅಂಗೈಯ ಚಿಟಿಕೆಯ ಸಂಗತಿ ಹೇಳಿದೆ.

‘ಅಷ್ಟ ಮಾಡಿದ್ರ, ಮನೀಗೆ ಬಂದವ್ರಿಗೆ ಏನ ಕೊಡ್ತೀರಿ?’

ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮಲ್ಲಿ ಬಂದವರಿಗೆ ಒಬ್ಬಟ್ಟು ಕೊಡುತ್ತೇವೆ. ಕಹಿ ಮನೆಯವರ ಪಾಲಿಗೆ. ಇಲ್ಲಿ ಆ ಬೆಳಗಿನಿಂದ ಹೊಸ್ತಿಲು ದಾಟಿದವರಿಗೆಲ್ಲ ಮೊದಲು ಸಿಕ್ಕಿದ್ದು ಬೇವಿನ ಲೋಟ. ಹಾಲಿನವನು ಕುಡಿದ. ಓಣಿಯ ಹುಡುಗರು ಗುಂಪಾಗಿ ಬಂದು, ಕುಡಿದು, ಬಾಯಿ ಒರೆಸಿಕೊಂಡು ಮುಂದಿನ ಮನೆಗೆ ಹೋದರು. ಯಾರ ಮನೆಯ ಬೇವು ಈ ಸಲ ರುಚಿ ಎಂದು ಅವರೊಳಗೇ ತೀರ್ಮಾನ ನಡೆದಿತ್ತು. ವರ್ಷದ ಮೊದಲ ಕಹಿಯನ್ನು ಹೀಗೆ ಗಡಿಗೆಗಟ್ಟಲೆ ಮಾಡಿ ಊರಿಗೆಲ್ಲ ಹಂಚುವುದನ್ನು ನಾನು ಕಂಡದ್ದು ಇದೇ ಮೊದಲು. ನನ್ನ ಮನೆಯ ಹಬ್ಬದಲ್ಲಿ ಏನು ಕಡಿಮೆಯಾಗಿತ್ತೆಂದು ಅಲ್ಲಿ ಕೂತಾಗ ನನಗೆ ಹೊಳೆಯಿತು.

ಹಬ್ಬದ ದಿನ ಆ ಮನೆಯಲ್ಲಿ ಬೆಳಗಿನ ನಾಷ್ಟಾ ಇಲ್ಲ. ಬೇವು ಕುಡಿದವರು ಹನ್ನೊಂದರ ಹೊತ್ತಿಗೆ ನೇರವಾಗಿ ಊಟಕ್ಕೇ ಕೂರುವುದು. ಬಾಳೆಲೆಯ ತುದಿಯಲ್ಲಿ ಹೆಸರುಬೇಳೆ ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ, ಎಣ್ಣೆಗಾಯಿ, ಹಪ್ಪಳ, ಸಂಡಿಗೆ. ಮೊದಲ ಸಿಹಿ ಬಸಿದ ಶಾವಿಗೆ: ಕುದಿವ ನೀರಲ್ಲಿ ಅದ್ದಿ ಬಸಿದು, ಬೆಲ್ಲ ತುಪ್ಪ ಹಾಕಿ, ಬಿಸಿಹಾಲು ಸುರಿದದ್ದು. ಆಮೇಲೆ ಹೋಳಿಗೆ. ಅವ್ವ ಒಲೆಯ ಮುಂದೆ ಕೂತು ಹಂಚಿನಿಂದ ಎತ್ತಿದ ಹಾಗೇ ಒಂದೊಂದಾಗಿ ಎಲೆಗೆ ಬರುತ್ತಿತ್ತು. ಕಣಕ ಎಷ್ಟು ತೆಳುವೆಂದರೆ ಒಳಗಿನ ಹೂರಣದ ಹಳದಿ ಮೇಲಕ್ಕೆ ಕಾಣುತ್ತಿತ್ತು; ತುಪ್ಪ ಬಿದ್ದ ಕಡೆ ಅದು ಮೆತ್ತಗಾಗಿ ಬೆರಳಿಗೇ ಮುರಿಯುತ್ತಿತ್ತು. ನಮ್ಮ ಒಬ್ಬಟ್ಟಿನ ಸಾರನ್ನೇ ಇವರು ಕಟ್ಟಿನ ಸಾರು ಎನ್ನುತ್ತಾರೆ. ಬೇಳೆ ಬೆಂದ ನೀರಿನ ‘ಕಟ್ಟು’ ಅದರ ಜೀವ. ಖಾರ ನಮ್ಮದಕ್ಕಿಂತ ಒಂದು ಕೈ ಮುಂದು. ಹೋಳಿಗೆಯ ಸಿಹಿ ಏರಿದಷ್ಟೂ ಸಾರಿನ ಖಾರಕ್ಕೆ ಮನಸ್ಸು ಎಳೆಯುತ್ತದೆ, ಸಾರು ಕುಡಿದಷ್ಟೂ ಹೋಳಿಗೆಗೆ.

‘ಈ ಎಲಿಯಾಗ ಎರಡು ತಿಂಗಳಕ್ಕಿಂತ ಹಳೇದು ಏನೈತಿ ಹೇಳು ನೋಡೂಣು’ ಎಂದ ಗೆಳೆಯ. ನಾನು ಎಲೆಯ ಮೇಲೆ ಕಣ್ಣಾಡಿಸಿದೆ. ಹೂರಣದ ಕಡಲೆಬೇಳೆ ಅವರದೇ ಹೊಲದ್ದು, ಈ ಹಿಂಗಾರಿನದು. ‘ಹೊಸಾ ಬ್ಯಾಳಿ, ಲಗೂನ ಬೇಯತೈತಿ’ ಎಂದು ವೈನಿ ಬೆಳಿಗ್ಗೆಯೇ ಹೇಳಿದ್ದರು. ಶಾವಿಗೆಯ ಗೋಧಿ ಹೊಸದು. ಹುಣಸೆ ಹೊಸದು, ಬೆಲ್ಲ ಹೋದ ವಾರದ್ದು, ಮಾವಿನಕಾಯಿ ಹಿಂದಿನ ದಿನ ಕಿತ್ತದ್ದು, ಬೇವಿನ ಹೂ ನನ್ನ ಕಣ್ಣೆದುರೇ ಉದುರಿದ್ದು. ಹಳೆಯದೆಂದು ಹೇಳಲು ಉಪ್ಪು, ಎಣ್ಣೆ, ಅಕ್ಕಿ ಬಿಟ್ಟರೆ ಹೆಚ್ಚೇನೂ ಸಿಗಲಿಲ್ಲ. ಬಸ್ಸಿನಿಂದ ಕಂಡ ಆ ಬರಿದಾದ ಹೊಲಗಳು ಎಲ್ಲಿಗೆ ಹೋಗಿದ್ದವು ಎಂಬುದು ಈಗ ಎಲೆಯ ಮೇಲೆ ಕಾಣುತ್ತಿತ್ತು. ಬೆಂಗಳೂರಿನಲ್ಲಿ ನಾನೂ ಎಷ್ಟೋ ಯುಗಾದಿಗೆ ಅಂಗಡಿಯಿಂದ ಡಬ್ಬಿ ಹೋಳಿಗೆ ತಂದು, ಕಟ್ಟು ಬೇವಿನ ಸೊಪ್ಪಿಗೆ ಚೌಕಾಸಿ ಮಾಡಿ ಹಬ್ಬ ಮುಗಿಸಿದ್ದೇನೆ. ಅದರಲ್ಲಿ ರುಚಿಗೆ ಕೊರತೆ ಇರಲಿಲ್ಲ. ಆದರೆ ಯುಗಾದಿ ಬರುವುದು ಸುಗ್ಗಿ ಮುಗಿದ ಮೇಲೆ ಎಂಬ ಸಂಗತಿ ಆ ಡಬ್ಬಿಯಲ್ಲಿ ಎಲ್ಲೂ ಇರಲಿಲ್ಲ. ಅದು ನನಗೆ ದೊಡ್ಡ ನಷ್ಟವೆಂದೇ ತೋರುತ್ತದೆ.

ಮಧ್ಯಾಹ್ನ ಮಲಗಿ ಎದ್ದು ಊರು ಸುತ್ತಿದೆವು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿವಿಶ್ವನಾಥನ ಗುಡಿಯ ಬಾಗಿಲವಾಡದ ಕುಸುರಿ, ಮಾಣಿಕೇಶ್ವರದ ಮುಂದಿನ ಮುಸುಕಿನ ಬಾವಿ. ಬಾವಿಯ ಮೆಟ್ಟಿಲಿಳಿದು ಕಲ್ಲಿನ ತಂಪಿನಲ್ಲಿ ಬಹಳ ಹೊತ್ತು ಕೂತೆವು. ಲಕ್ಕುಂಡಿಯ ಶಿಲ್ಪದ ಬಗ್ಗೆ ಬರೆಯಲು ಇನ್ನೊಂದು ಪ್ರವಾಸವೇ ಬೇಕು.

ಸಂಜೆ ಮನೆಗೆ ಬಂದಾಗ ಅವ್ವ ಎತ್ತಿಟ್ಟ ಪಾತ್ರೆಯನ್ನು ತೆಗೆದಿದ್ದರು. ಹಿಟ್ಟು, ಮಾವಿನಕಾಯಿ, ಉತ್ತತ್ತಿ ಎಲ್ಲ ಬೆರೆಸಿ, ಬೇವಿನ ಎಸಳು ಉದುರಿಸಿ, ದೊಡ್ಡದೊಂದು ಹಿತ್ತಾಳೆ ತಂಬಿಗೆಗೆ ತುಂಬಿ, ಮೇಲೊಂದು ತಟ್ಟೆ ಮುಚ್ಚಿ ಮೊಮ್ಮಗನ ಕೈಗೆ ಕೊಟ್ಟರು. ‘ಚಿಗವ್ವನ ಮನೀಗೆ ಕೊಟ್ಟ ಬಾ. ಹೊತ್ತು ಮುಳುಗೂದ್ರಾಗ ಮುಟ್ಟಸು.’ ಚಿಗವ್ವನ ಮನೆ ಎಂದರೆ ಪಕ್ಕದ ಗೋಡೆಯ ಮನೆ. ಅವರದು 29ನೇ ರೋಜಾ. ಹಗಲಿಡೀ ಓಣಿಯೆಲ್ಲ ಬೇವು ಕುಡಿಯುತ್ತಿದ್ದಾಗ ಆ ಮನೆಯವರು ಒಂದು ಹನಿ ನೀರೂ ಮುಟ್ಟಿರಲಿಲ್ಲ. ಅವರ ಪಾಲನ್ನು ಕೆಡದಂತೆ ಇಡುವುದಕ್ಕೇ ಬೆಳಿಗ್ಗೆ ಅವ್ವ ಆ ನೀರನ್ನು ಬೇರೆ ಮಾಡಿದ್ದರು.

ಮಾಳಿಗೆ ಹತ್ತಿದೆವು. ಎರಡು ಮನೆಗೂ ಒಂದೇ ಮಾಳಿಗೆ ಎನ್ನಬೇಕು. ನಡುವೆ ಮೊಣಕಾಲೆತ್ತರದ ಗೋಡೆ, ಅದರ ಎರಡೂ ಕಡೆ ಕೋಲುಗಳ ಮೇಲೆ ಶಾವಿಗೆ ಒಣಗಹಾಕಿತ್ತು. ಹೊಸ ಗೋಧಿ ಬಂದ ಮೇಲೆ ವೈನಿಯೂ ಪಕ್ಕದ ಮನೆಯ ಸೊಸೆಯೂ ಒಂದೇ ಮಣೆಯ ಮೇಲೆ ಸರದಿಯಲ್ಲಿ ಹೊಸೆದ ಶಾವಿಗೆ. ಗಾಳಿಗೆ ಆ ಎಳೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು. ಎರಡೂ ಮನೆಯವರು ಪಡುವಣಕ್ಕೆ ಮುಖಮಾಡಿ ನಿಂತಿದ್ದೆವು. ನಮಗೆ ಯುಗಾದಿಯ ಚಂದ್ರ ನೋಡಬೇಕು, ಅವರಿಗೆ ರಂಜಾನಿನ ಚಂದ್ರ. ಮೊದಲು ಕಂಡದ್ದು ಮರ ಹತ್ತಿದ್ದ ಅದೇ ಹುಡುಗನಿಗೆ. ‘ಅಲ್ಲೈತಿ, ಅಲ್ಲೈತಿ!’ ಅವನ ಬೆರಳಿನ ನೇರಕ್ಕೆ, ಉಗುರು ಕತ್ತರಿಸಿದಷ್ಟು ತೆಳುವಾದ ಗೆರೆ, ಬೆನ್ನಡಿಯಾಗಿ ಮಲಗಿತ್ತು. ನಾವು ಕೈಮುಗಿದೆವು. ಗೋಡೆಯಾಚೆ ಅವರು ಅಂಗೈ ಬಿಚ್ಚಿ ಹಿಡಿದರು. ನನಗೆ ರೈಲಿನ ಬಾಗಲಕೋಟೆಯ ಸಂಸಾರ ನೆನಪಾಯಿತು. ಅವರ ಹಬ್ಬವೂ ನಾಳೆಯೇ.

ಸೋಮವಾರ ಬೆಳಿಗ್ಗೆ ಹೊರಡಲು ಚೀಲ ಕಟ್ಟುತ್ತಿದ್ದೆ. ನಮ್ಮ ಮಂಡ್ಯದಲ್ಲಾದರೆ ಅವತ್ತು ಹೊಸತೊಡಕು, ಮಧ್ಯಾಹ್ನ ಬಾಡೂಟ. ಇಲ್ಲಿ ಹೊಸ ಜುಬ್ಬಾ ತೊಟ್ಟು, ಅತ್ತರು ಹಚ್ಚಿಕೊಂಡ ಪಕ್ಕದ ಮನೆಯ ಹುಡುಗ ಬಂದು ನಿನ್ನೆಯ ಅದೇ ಹಿತ್ತಾಳೆ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟ. ತಂಬಿಗೆಯ ತುಂಬ ಸುರಕುಂಬಾ. ಮಂದಕ್ಕೆ ಕಾಯಿಸಿದ ಹಾಲು, ತುಪ್ಪದಲ್ಲಿ ಹುರಿದ ಶಾವಿಗೆ, ಸೀಳಿದ ಬಾದಾಮಿ, ಉತ್ತತ್ತಿ. ಹಿಂದೆಯೇ ಚಿಗವ್ವ ಬಂದರು. ‘ಅಕ್ಕಾ, ನಿನ್ನೀ ಬೇವು ಭಾರಿ ಆಗಿತ್ತು ನೋಡು. ಮೊದಲ ಗುಟುಕು ಅದನ್ನ ಕುಡದ್ವಿ’ ಎಂದು ಅವ್ವನ ಪಕ್ಕ ಕೂತರು. ನಾನು ಎರಡು ಬಟ್ಟಲು ಸುರಕುಂಬಾ ಕುಡಿದು, ಚಿಗವ್ವನಿಂದಲೂ ಅವ್ವನಿಂದಲೂ ಆಶೀರ್ವಾದ ತೆಗೆದುಕೊಂಡು ಬಸ್ಸಿಗೆ ಹೊರಟೆ.

ನನ್ನ ಬೆಲ್ಲದ ಚೀಲವನ್ನೂ ವೈನಿ ಬರಿದಾಗಿ ಕಳಿಸಿರಲಿಲ್ಲ. ಬಸ್ಸಿನಲ್ಲಿ ಬಿಚ್ಚಿ ನೋಡಿದೆ: ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಸಿಂಬೆ ಶಾವಿಗೆ, ಕಾಗದದ ಪೊಟ್ಟಣದಲ್ಲಿ ಬೇವಿನ ಎಸಳು. ಅಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ.

‘ಕುಡಿಯೋದಾ? ಲೋಟದಲ್ಲಾ?’ ಎಂದಳು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ ಅವಳೇ ಕೇಳಿದಳು: ‘ಬಂದೋರ್ಗೆಲ್ಲ ಕೊಡಬೇಕು ಅಂದ್ರೆ ಹುಣಸೆಹಣ್ಣು ಎಷ್ಟು ನೆನೆ ಹಾಕ್ಬೇಕಂತೆ, ಕೇಳ್ಕಂಡ್ಯಾ?’

ಕೇಳಿರಲಿಲ್ಲ. ಬಸ್ಸು ಗದಗ ಮುಟ್ಟುವ ಮೊದಲೇ ಗೆಳೆಯನ ನಂಬರು ಒತ್ತಿ, ಫೋನನ್ನು ಅವ್ವನ ಕೈಗೆ ಕೊಡು ಎಂದೆ.