ಪದದ ತುತ್ತುಗಳು

ಉದ್ದವಾದ ಇಂಗ್ಲಿಷ್ ಪದವೊಂದು ಎದುರಾದರೆ ಸಾಕು, ಅನೇಕ ವಿದ್ಯಾರ್ಥಿಗಳ ನಾಲಗೆ ತಡವರಿಸುತ್ತದೆ. ಕೆಲವರು ಆ ಪದವನ್ನು ಬಿಟ್ಟು ಮುಂದೆ ಸಾಗುತ್ತಾರೆ; ಕೆಲವರು ಪುಸ್ತಕವನ್ನೇ ಮುಚ್ಚಿಬಿಡುತ್ತಾರೆ. ಈ ಅಂಜಿಕೆಯಿಂದಲೇ ಶಾಲೆಗೆ ಬೆನ್ನು ತಿರುಗಿಸಿದವರನ್ನೂ ನಾನು ಕಂಡಿದ್ದೇನೆ.

ಕಮಲಾಪುರದಲ್ಲಿ ನಾನು ಕನ್ನಡ ಪಾಠ ಹೇಳುತ್ತಿದ್ದಾಗ ಹುಡುಗನೊಬ್ಬನು ಇಂಗ್ಲಿಷ್ ಪುಸ್ತಕವನ್ನು ಹಿಡಿದು ಬಂದನು. ಅವನ ಬೆರಳು ‘ಯೂನಿವರ್ಸಿಟಿ’ ಎಂಬ ಪದದ ಮೇಲಿತ್ತು. “ಸರ್, ಈ ಶಬ್ದ ಭಾಳ ಉದ್ದ ಅದರಿ. ನಾಳಿಂದ ಸಾಲಿಗೇ ಬರಂಗಿಲ್ರಿ” ಎಂದನು.

“ತಮ್ಮಾ, ಇಡೀ ಜೋಳದ ರೊಟ್ಟಿ ಒಮ್ಮೆಗೇ ಬಾಯಾಗ ಹಾಕೋತಿ ಏನು? ಮುರಕೊಂಡು ತಿನ್ನು” ಎಂದೆ.

ಛಂದಸ್ಸಿನ ಪಾಠ ಅವನಿಗೆ ನೆನಪಿತ್ತು. ‘ಕಲಬುರಗಿ’ಯಲ್ಲಿ ಐದು ಅಕ್ಷರ, ಐದೂ ಲಘು, ಆದುದರಿಂದ ಐದು ಮಾತ್ರೆ. ‘ಕಮಲಾಪುರ’ದಲ್ಲಿ ಅಕ್ಷರ ಐದಾದರೂ ‘ಲಾ’ ಗುರುವಾದುದರಿಂದ ಮಾತ್ರೆ ಆರು. ಹಾಗೆಯೇ ಬಿಡಿಸು ಎಂದೊಡನೆ ‘ಯೂ-ನಿ-ವರ್-ಸಿ-ಟಿ’ ಎಂದು ಐದು ತುತ್ತು ಮಾಡಿದನು. ಮರುದಿನ ತರಗತಿಯಲ್ಲಿ ಎದ್ದು ನಿಂತು, ತಡೆಯಿಲ್ಲದೆ ಓದಿದನು. ಶಾಲೆ ಬಿಡುವ ಮಾತನ್ನು ಮತ್ತೆ ಅವನು ಆಡಲಿಲ್ಲ.

ಆದರೆ ಎರಡು ಭಾಷೆಗಳ ನಡಿಗೆ ಒಂದೇ ಅಲ್ಲ. ನಮ್ಮ ಛಂದಸ್ಸು ಅಕ್ಷರದ ಉಚ್ಚಾರಣೆಗೆ ಹಿಡಿಯುವ ಕಾಲವನ್ನು ಎಣಿಸುತ್ತದೆ. ಇಂಗ್ಲಿಷಿನ ಕಿವಿಯಾದರೋ ದನಿಯ ಒತ್ತನ್ನು ಅರಸುತ್ತದೆ. ಇದು ನಮ್ಮ ಒತ್ತಕ್ಷರದ ಒತ್ತಲ್ಲ, ಉಸಿರಿನ ಬಲ. ‘ಯೂನಿವರ್ಸಿಟಿ’ಯಲ್ಲಿ ಆ ಬಲ ‘ವರ್’ ಮೇಲೆ ಬೀಳುತ್ತದೆ. ‘ಫೋಟೋಗ್ರಾಫ್’ ಎನ್ನುವಾಗ ಮೊದಲ ತುಣುಕಿನ ಮೇಲಿರುವ ಒತ್ತು, ‘ಫೊಟಾಗ್ರಫರ್’ ಎನ್ನುವಾಗ ಎರಡನೆಯದಕ್ಕೂ ‘ಫೋಟೋಗ್ರಾಫಿಕ್’ ಎನ್ನುವಾಗ ಮೂರನೆಯದಕ್ಕೂ ಸರಿಯುತ್ತದೆ.

ನಾಲಗೆಗಾಗಿ ಬಿಡಿಸುವುದು ಬೇರೆ, ಅರ್ಥಕ್ಕಾಗಿ ಬಿಡಿಸುವುದು ಬೇರೆ. ‘ಟೀಚರ್’ ಎಂಬುದು ಬಾಯಲ್ಲಿ ‘ಟೀ-ಚರ್’. ಅರ್ಥದಲ್ಲಿ ‘ಟೀಚ್’ ಮತ್ತು ‘ಅರ್’. ಮೊದಲನೆಯದು ಕಲಿಸುವ ಕ್ರಿಯೆ, ಎರಡನೆಯದು ಅದನ್ನು ಮಾಡುವವರನ್ನು ಸೂಚಿಸುವ ಪ್ರತ್ಯಯ. ಕನ್ನಡದಲ್ಲಿಯೂ ಹೀಗೆಯೇ. ಕಲಬುರಗಿಯಲ್ಲಿ 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಹೆಸರನ್ನೇ ನೋಡಿರಿ. ‘ವಿಶ್ವವಿದ್ಯಾಲಯ’ದಲ್ಲಿ ಅಕ್ಷರಗಳು ಆರು, ಕೂಡಿದ ಪದಗಳು ವಿಶ್ವ, ವಿದ್ಯಾ, ಆಲಯ ಎಂದು ಮೂರು. ‘ದ್ಯಾ’ ಎಂಬ ಒಂದೇ ಅಕ್ಷರದೊಳಗೆ ಎರಡು ಪದಗಳು ಸವರ್ಣದೀರ್ಘ ಸಂಧಿಯಾಗಿ ಕೈಹಿಡಿದಿವೆ.

ಪದವನ್ನು ಒರೆಗೆ ಹಚ್ಚುವ ವಿದ್ಯೆ ನಮ್ಮ ನೆಲಕ್ಕೆ ಹೊಸತಲ್ಲ. ಈ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯನು ‘ಕವಿರಾಜಮಾರ್ಗ’ದಲ್ಲಿ ಪದಪ್ರಯೋಗದ ಗುಣದೋಷಗಳನ್ನು ವಿವೇಚಿಸಿದನು. ಅಂಥ ನೆಲದ ಮಕ್ಕಳು ಪದವೊಂದರ ಉದ್ದಕ್ಕೆ ಅಂಜಬೇಕೆ? ಎಷ್ಟೇ ಉದ್ದವಾದರೂ ಪದವು ಸಣ್ಣ ತುಣುಕುಗಳಿಂದಲೇ ಆದದ್ದು. ಕನ್ನಡದಲ್ಲಿ ಎಣಿಸಲು ಕಲಿತ ಬೆರಳು ಮತ್ತೊಂದು ಭಾಷೆಯಲ್ಲಿಯೂ ದಾರಿ ತೋರಬಲ್ಲುದು.