ನಮ್ಮ ಮೈ, ನಮ್ಮದೇ ಭಾರ

ಯಾವ ಉಪಕರಣವೂ ಬೇಡ, ಮೈಯೊಂದಿದ್ದರೆ ಸಾಕು ಎಂಬ ಮಾತು ಕೇಳಲು ಬಹು ಹಿತವಾಗಿರುತ್ತದೆ. ಮೈ ಎಲ್ಲರಿಗೂ ಉಂಟು; ಆದ್ದರಿಂದ ವ್ಯಾಯಾಮ ಮಾಡದಿರಲು ಯಾರಿಗೂ ನೆಪವಿಲ್ಲವೆಂದಾಯಿತು. ಆದರೆ ಮಾಡೋಣವೆಂದು ಹೊರಟವನಿಗೆ ಮೊದಲು ಎದುರಾಗುವ ತೊಡಕು ಮೈಯದಲ್ಲ, ಕ್ರಮದ್ದು. ಯಾವುದನ್ನು ಮಾಡಬೇಕು, ಎಷ್ಟು ಮಾಡಬೇಕು, ನಾಳೆ ಎಷ್ಟು ಹೆಚ್ಚಿಸಬೇಕು? ಗೆಳೆಯರನ್ನು ಕೇಳಿದರೆ ತಲೆಗೊಂದು ಮಾತು. ಜೇಬಿನಲ್ಲಿರುವ ಮೊಬೈಲನ್ನು ಕೇಳಿದರಂತೂ ಮೂವತ್ತೇ ದಿನಗಳಲ್ಲಿ ನಿಮ್ಮನ್ನು ಭೀಮಸೇನನನ್ನಾಗಿ ಮಾಡಿಬಿಡುತ್ತೇನೆಂದು ಅದು ಪ್ರತಿಜ್ಞೆ ಮಾಡುತ್ತದೆ.

ನನಗೆ ಭೀಮಸೇನನಾಗುವ ಆಸೆಯೇನೂ ಇರಲಿಲ್ಲ. ನಾನು ಕ್ರಮವೊಂದನ್ನು ಹುಡುಕಿದ್ದು ನಮ್ಮ ತಂದೆಯವರ ದೆಸೆಯಿಂದ. ಅವರಿಗೆ ಎಪ್ಪತ್ತನಾಲ್ಕು ವರ್ಷ. ದಿನವೂ ಸಂಜೆ ತಪ್ಪದೆ ಎರಡು ಮೈಲಿ ನಡೆಯುವವರು. ಹೋದ ವರ್ಷ ಗೌರಿಹಬ್ಬದ ದಿನ ಎಲ್ಲರೂ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿದ್ದೆವು. ಊಟವಾಗಿ ಉಳಿದವರೆಲ್ಲ ಕೈತೊಳೆಯಲು ಎದ್ದ ಮೇಲೂ ಅವರು ಎಲೆಯ ಮುಂದೆಯೇ ಇದ್ದರು. ಇನ್ನೂ ಏನಾದರೂ ಬಡಿಸಬೇಕೆ ಎಂದೆ. “ಕೈ ಕೊಡು” ಎಂದರು. ನೋವಿಲ್ಲ, ಮಂಡಿ ಕೆಟ್ಟಿಲ್ಲ. ನೆಲದಿಂದೇಳುವ ಬಲ ಮಾತ್ರ ಯಾವಾಗಲೋ ಸದ್ದಿಲ್ಲದೆ ಹೊರಟುಹೋಗಿತ್ತು. ನಡು ವಯಸ್ಸು ದಾಟುತ್ತ ಬಂದಂತೆ ಬಳಸದ ಸ್ನಾಯು ಕರಗುತ್ತದೆಂದೂ, ಬರಿಯ ನಡಿಗೆ ಅದನ್ನು ತಡೆಯಲಾರದೆಂದೂ ವೈದ್ಯರು ತಿಳಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಗಳಲ್ಲಿಯೂ ಇದೇ ಇದೆ: ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆಯಂಥ ಶ್ರಮ, ಅದರ ಜೊತೆಗೆ ವಾರಕ್ಕೆ 2 ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ತಂದೆಗಿಂತ ಮೂವತ್ತು ವರ್ಷ ಹಿಂದಿರುವ ನಾನು ಇದನ್ನು ಓದಿ ಸುಮ್ಮನಿರುವುದು ಸಾಧ್ಯವಾಗಲಿಲ್ಲ.

ಮೊದಲು ನೆನಪಾದದ್ದು ಸೂರ್ಯನಮಸ್ಕಾರ. ಔಂಧ ಸಂಸ್ಥಾನದ ರಾಜರು ಅದನ್ನು ಪ್ರಚಾರಕ್ಕೆ ತಂದಂತೆ ನಮ್ಮ ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಅವರೂ ತಂದರು. ಅದರ ಮೇಲೆ ಪುಸ್ತಕವನ್ನೂ ಬರೆದರು. ‘ಶಾಂತಲಾ’ ಮತ್ತು ‘ರೂಪದರ್ಶಿ’ಯ ಕರ್ತೃವೇ ಊರಿನ ಹೆಸರಾಂತ ವ್ಯಾಯಾಮ ಗುರುವೂ ಆಗಿದ್ದರೆಂದು ತರಗತಿಯಲ್ಲಿ ಹೇಳಿದರೆ ಹುಡುಗರು ನನ್ನ ಕಡೆಗೊಮ್ಮೆ ನೋಡಿ ನಗುತ್ತಾರೆ. ಕನ್ನಡದ ಮೇಷ್ಟರಿಗೂ ತೋಳಿಗೂ ಸಂಬಂಧವಿರಬಹುದೆಂದು ಅವರಿಗೆ ನಂಬಿಕೆಯಿಲ್ಲ. ನಮಸ್ಕಾರ ಸೊಗಸಾದ ಕ್ರಮವೇ. ಅದರ ನಡುವೆ ಒಂದು ದಂಡ ಅಡಗಿದೆ. ಬೆನ್ನು ಬಾಗುತ್ತದೆ, ಉಸಿರು ಆಡುತ್ತದೆ. ಆದರೆ ಕುಕ್ಕರಗಾಲಿನಿಂದೇಳುವ ಕೆಲಸ, ನನಗೆ ಬೇಕಾದದ್ದು, ಅದರಲ್ಲಿಲ್ಲ.

ಆ ಕೆಲಸವಿರುವುದು ಗರಡಿಯ ಬಸ್ಕಿಯಲ್ಲಿ. ಕೆಮ್ಮಣ್ಣಿನ ಗರಡಿಯಲ್ಲಿ ಹನುಮಂತನ ಪಟಕ್ಕೆ ಕೈಮುಗಿದು ದಂಡ, ಬಸ್ಕಿ ತೆಗೆಯುವ ಪದ್ಧತಿಗೆ ಯಾವ ಹೊಸ ಶಾಸ್ತ್ರವೂ ಕುಂದು ಹೇಳಲಾರದು. ನಮ್ಮ ಪಾಡು ನೋಡಿ: ಬಸ್ಕಿಯನ್ನು ನಾವು ಕಲಿತದ್ದು ಗರಡಿಯಲ್ಲಿ ಅಲ್ಲ, ಶಾಲೆಯಲ್ಲಿ, ಕಿವಿ ಹಿಡಿದುಕೊಂಡು! ಬಲ ಕೊಡುವ ಚಲನೆಯನ್ನು ಶಿಕ್ಷೆಯಾಗಿ ಕಲಿಸಿದರೆ ಅದನ್ನು ಇಷ್ಟಪಡುವವರಾರು? ಮೇಲಾಗಿ ಪೈಲ್ವಾನರ ಲೆಕ್ಕ ನೂರು, ಇನ್ನೂರೆಂದು ಏರುತ್ತದೆ. ಉಸ್ತಾದನ ಕಣ್ಣಿಲ್ಲದೆ ಮನೆಯಲ್ಲಿ ಆ ಲೆಕ್ಕ ಹಿಡಿದು ಹೊರಡುವುದು ಜಾಣತನವಲ್ಲ.

ಮೂರನೆಯದು ಹಳೆಯ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ ಒಂದು ತೆಳು ಪುಸ್ತಕ. 1950ರ ದಶಕದಲ್ಲಿ ಕೆನಡಾದ ವಾಯುಸೇನೆಗಾಗಿ ಬಿಲ್ ಓರ್ಬನ್ ಎಂಬಾತ ರೂಪಿಸಿದ ‘ಫೈವ್ ಬಿ.ಎಕ್ಸ್.’ ಕ್ರಮ. ವ್ಯಾಯಾಮ 5, ದಿನಕ್ಕೆ 11 ನಿಮಿಷ, ಕೋಷ್ಟಕಗಳು 6. ಎಂಥ ಶೂರನಾದರೂ ಮೊದಲ ಕೋಷ್ಟಕದ ಕೆಳಮೆಟ್ಟಿಲಿನಿಂದಲೇ ಹೊರಡಬೇಕು. ವೇಳೆ ಹೆಚ್ಚುವುದಿಲ್ಲ, ಎಣಿಕೆ ಹೆಚ್ಚುತ್ತದೆ. ಕಾಲು ಚಾಚಿ ಮಲಗಿ ಏಳುವಂಥ ಒಂದೆರಡು ಚಲನೆಗಳು ಸೊಂಟಕ್ಕೆ ಒಳ್ಳೆಯದಲ್ಲವೆಂದು ಈಗ ಬಿಡುತ್ತಾರೆ. ಆದರೆ ಆ ಮೆಟ್ಟಿಲಿನ ಉಪಾಯ ನನಗೆ ಹಿಡಿಸಿತು.

ಕಬ್ಬಿಣದ ಗುಂಡಾದರೆ ಭಾರ ಕಡಿಮೆಯದನ್ನು ಆರಿಸಬಹುದು. ನಮ್ಮ ಮೈಯನ್ನು ಅರ್ಧ ಮನೆಯಲ್ಲಿಟ್ಟು ಬರಲಾದೀತೆ? ಆಗದು, ಆದರೆ ಓರೆ ಬದಲಿಸಬಹುದು. ಎಪ್ಪತ್ತು ಕಿಲೋ ತೂಗುವವನು ನೆಲದ ಮೇಲೆ ದಂಡ ಹೊಡೆದರೆ ಕೈಗಳ ಮೇಲೆ ಸುಮಾರು 45 ಕಿಲೋ ಬೀಳುತ್ತದೆ. ಮಂಡಿಯೂರಿದರೆ ಸುಮಾರು 35. ಎರಡಡಿ ಎತ್ತರದ ಬೆಂಚಿಗೆ ಕೈಯೂರಿದರೆ 30ಕ್ಕೂ ಕಡಿಮೆ. ಗೋಡೆಗಾದರೆ ಇನ್ನೂ ಹಗುರ. ಬಸ್ಕಿಗೂ ಇದೇ ನ್ಯಾಯ. ತಂದೆಯವರು ಕೈಯೂರದೆ ಎತ್ತರದ ಕುರ್ಚಿಯಿಂದ ಹತ್ತು ಸಲ ಏಳುವುದರಿಂದ ತೊಡಗಿ, ಮೂರು ತಿಂಗಳಲ್ಲಿ ಗಿಡ್ಡ ಸ್ಟೂಲಿಗೆ ಇಳಿದಿದ್ದಾರೆ. ಇಳಿದಷ್ಟೂ ಏರಿದಂತೆ ಎಂಬುದು ಈ ಲೆಕ್ಕದ ತಮಾಷೆ.

ಕೊನೆಗೆ ನಾನು ಆರಿಸಿಕೊಂಡದ್ದು ವಾರಕ್ಕೆ ಮೂರು ದಿನದ, ಇಪ್ಪತ್ತು ನಿಮಿಷದ ಕ್ರಮ: ದಂಡ, ಬಸ್ಕಿ, ಮೊಣಕೈಯೂರಿ ಬೆನ್ನು ನೆಟ್ಟಗಿಟ್ಟು ನಿಲ್ಲುವುದು, ಪಾರ್ಕಿನ ಕಂಬಿ ಹಿಡಿದು ಮೈ ಎಳೆದುಕೊಳ್ಳುವುದು. ಕೊನೆಯದನ್ನು ಬಿಡಬಾರದು; ದಂಡದಲ್ಲಿ ತಳ್ಳುವುದುಂಟು, ಎಳೆಯುವುದಿಲ್ಲ. ಪೈಲ್ವಾನರಿಗಾದರೆ ಎಳೆಯಲು ಎದುರಾಳಿಯಿರುತ್ತಾನೆ. ಒಂದು ಮೆಟ್ಟಿಲಿನಲ್ಲಿ ಹನ್ನೆರಡು ಸಲ ಸರಾಗವಾಗಿ ಆಗುವವರೆಗೆ ಮುಂದಿನದಕ್ಕೆ ಹೋಗುವಂತಿಲ್ಲ.

ಇದಕ್ಕಿಂತ ಚುರುಕಾದ ಕ್ರಮಗಳು ಇಲ್ಲವೆಂದಲ್ಲ. ಆದರೆ ಮೂವತ್ತು ದಿನಗಳ ಕ್ರಮಕ್ಕೆ ಮೂವತ್ತೊಂದನೆಯ ದಿನವಿಲ್ಲ; ನನಗೆ ಬೇಕಾದದ್ದು ಮೂವತ್ತು ವರ್ಷಗಳ ಕ್ರಮ. ನಡುವೆ ಉತ್ತರಪತ್ರಿಕೆಗಳ ರಾಶಿ ಬರುತ್ತದೆ, ಜ್ವರ ಬರುತ್ತದೆ, ಮದುವೆಗಳು ಬರುತ್ತವೆ. ಎರಡು ವಾರ ತಪ್ಪಿದವನು ಮೂರು ಮೆಟ್ಟಿಲಿಳಿದು ಮತ್ತೆ ಹೊರಡಬಹುದೆ ಎಂಬುದನ್ನು ಕೇಳಿಯೇ ಆರಿಸಿದೆ. ತಾವೂ ಆರಿಸುವುದಾದರೆ ಎಷ್ಟು ಬೇಗ ಏರಿಸುತ್ತದೆಂದು ಕೇಳುವ ಮೊದಲು ಇದನ್ನು ಕೇಳಿ. ಮಂಡಿಯದೋ ಎದೆಯದೋ ತೊಂದರೆಯಿದ್ದರೆ ವೈದ್ಯರನ್ನೂ ಒಂದು ಮಾತು ಕೇಳಿ. ಆಮೇಲೆ ಗೋಡೆಯಂತೂ ಎಲ್ಲರ ಮನೆಯಲ್ಲಿಯೂ ಇದೆ.