ಆನೆಯ ಬೆಲೆ, ಆನೆಯ ಮೇವು

ಆನೆ ಕೊಳ್ಳುವುದು ಕಷ್ಟವಲ್ಲ, ಸಾಕುವುದು ಕಷ್ಟ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರುಗಳನ್ನು ಅವರು ಕಂಡವರಲ್ಲ. ಆದರೂ ಆ ಕಾರುಗಳ ವಿಷಯದಲ್ಲಿ ಇದಕ್ಕಿಂತ ಸರಿಯಾದ ಮಾತನ್ನು ನಾನು ಕೇಳಿಲ್ಲ. 40 ಲಕ್ಷದ ಕಾರು ಏಳೆಂಟು ವರ್ಷ ಓಡಿದ ಮೇಲೆ 12 ಲಕ್ಷಕ್ಕೆ ಬಂದು ನಿಲ್ಲುತ್ತದೆ. ಅಯ್ಯೋ, ಎಷ್ಟು ಅಗ್ಗ ಅನಿಸುತ್ತದೆ. ಆದರೆ ಅದರ ಹೆಡ್‌ಲೈಟು ಒಡೆದ ದಿನ ನೀವು ಕೊಡಬೇಕಾದದ್ದು 40 ಲಕ್ಷದ ಕಾರಿನ ಹೆಡ್‌ಲೈಟಿನ ಬೆಲೆ. ಕಾರಿನ ಬೆಲೆ ಇಳಿಯುತ್ತದೆ, ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಇಷ್ಟು ತಿಳಿದುಕೊಂಡರೆ ಅರ್ಧ ಗೆದ್ದ ಹಾಗೆ.

ನಮ್ಮವರಿಗೆ ಈ ಆನೆಯ ಆಸೆ ಹುಟ್ಟಿದ್ದು ಶೋಕಿಗಲ್ಲ. ನಮ್ಮ ಮಾವ ಕಾಫಿ ತೋಟದ ಧಣಿಗಳ ಮನೆಯಲ್ಲಿ ಡ್ರೈವರಾಗಿದ್ದವರು. 1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ಕಾರು ಜೋಡಿಸಲು ಶುರುವಾದ ಮೇಲೆ ಧಣಿಗಳೂ ಒಂದನ್ನು ತಂದರು. ಮಾವ ಅದನ್ನು ಮಗುವಿನಂತೆ ನೋಡಿಕೊಂಡರು. ಆದರೆ ಅತ್ತೆ ಒಂದು ದಿನವೂ ಅದರೊಳಗೆ ಕೂತವರಲ್ಲ. ಕೂರಿಸುವ ಹಕ್ಕು ಮಾವನಿಗಿರಲಿಲ್ಲ. ಮಾವ ತೀರಿಕೊಂಡರು. ಅತ್ತೆಗೆ ಈಗ 84. "ಅಮ್ಮ ಇರುವಾಗಲೇ ಅಂಥದೊಂದು ಕಾರಿನ ಹಿಂದಿನ ಸೀಟಲ್ಲಿ ಅವಳನ್ನು ಕೂರಿಸಬೇಕು ಕಣೇ" ಅಂದರು ನಮ್ಮವರು. ಇಂಥ ಮಾತಿಗೆ ಬೇಡವೆನ್ನುವುದು ಹೇಗೆ?

ಆದರೆ ದುಡ್ಡು ನನ್ನದು. ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ 31 ವರ್ಷ ಕೂತು ಎದ್ದುಬಂದಾಗ ಕೈಗೆ ಸಿಕ್ಕ ಗ್ರಾಚ್ಯುಯಿಟಿ. ಇನ್ನೊಮ್ಮೆ ಬರುವ ಗಂಟಲ್ಲ ಅದು. "ಆಗಲಿ ರೀ, ಆದರೆ ಕಾರನ್ನು ನಾನೂ ನೋಡುತ್ತೇನೆ" ಅಂದೆ. ಅವರು ನಕ್ಕರು. ಖೋಟಾ ನೋಟು ಹಿಡಿಯುತ್ತಿದ್ದ ಕೈಗೆ ಖೋಟಾ ಕಾರು ಸಿಗದೆ ಇರುತ್ತದೆಯೇ?

ನಾನು ಮೊದಲು ನೋಡಿದ್ದು ಕಾಗದ. ಆರ್.ಸಿ.ಯಲ್ಲಿ ಎಷ್ಟನೇ ಓನರು, ಸಾಲ ಬಾಕಿ ಇದೆಯೇ ಎಂದು ನೋಡಬೇಕು. ಸಾಲವಿದ್ದರೆ ಬ್ಯಾಂಕಿನವರು ಸಹಿ ಹಾಕಿದ 35ನೇ ನಮೂನೆ ಕೈಗೆ ಬರುವ ತನಕ ದುಡ್ಡು ಬಿಚ್ಚಬಾರದು. ಇನ್ಶೂರೆನ್ಸ್ ಪತ್ರದಲ್ಲಿ ನೋ ಕ್ಲೇಮ್ ಬೋನಸ್ ಎಂಬ ಸಣ್ಣ ಸಾಲೊಂದಿರುತ್ತದೆ. ಐದು ವರ್ಷ ಕ್ಲೇಮು ಮಾಡದವರಿಗೆ ಅದು ಶೇ. 50ಕ್ಕೆ ಏರುತ್ತದೆ. ಆರು ವರ್ಷದಿಂದ ಒಬ್ಬರೇ ಇಟ್ಟುಕೊಂಡ ಕಾರಿಗೆ ಅಲ್ಲಿ ಸೊನ್ನೆ ಇದ್ದರೆ, ಏನಾಯಿತೆಂದು ಕೇಳಲೇಬೇಕು. ಬಾಯಿ ಸುಳ್ಳು ಹೇಳಬಹುದು, ಪಾಲಿಸಿ ಹೇಳುವುದಿಲ್ಲ.

ಹೊರರಾಜ್ಯದ ಕಾರು ಇನ್ನೂ ಅಗ್ಗ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿಯಲ್ಲಿ ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆಮೇಲೆ ಅಲ್ಲಿನ ದೊಡ್ಡ ಕಾರುಗಳು ದಕ್ಷಿಣಕ್ಕೆ ಇಳಿದವು. ಆದರೆ ಅಂಥದನ್ನು ತಂದರೆ ಎನ್.ಒ.ಸಿ.ಗೆ ಅಲೆದಾಟ, ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ. ಇವನ್ನೆಲ್ಲ ಕೂಡಿಸಿದರೆ ಅಗ್ಗ ಎನ್ನುವುದು ಎಲ್ಲಿ ಉಳಿಯಿತು?

ನಮ್ಮವರು ಮೊದಲು ಮನಸೋತದ್ದು ಬೆಂಗಳೂರಿನ ಬ್ರೋಕರೊಬ್ಬರ ಬಳಿಯಿದ್ದ ಜರ್ಮನ್ ಕಾರಿಗೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಳಗೆ ಕೂತರೆ ಸುಗಂಧದ ಘಮಲು. ಅಡುಗೆಮನೆಯಲ್ಲಿ ಊದಿನಕಡ್ಡಿ ಹಚ್ಚಿದ್ದರೆ ಏನೋ ಸೀದಿದೆ ಎಂದು ನಮಗೆ ಗೊತ್ತಾಗುತ್ತದಲ್ಲವೇ? ಹಾಗೆ. ಹೊರಡುವ ಮುಂಚೆ ನಮ್ಮ ಬೀದಿಯ ಮೆಕ್ಯಾನಿಕ್ ಹುಡುಗ ಒಂದು ಮಾತು ಹೇಳಿದ್ದ: "ಅಕ್ಕಾ, ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಸೀಟು ತೊಳೀತಾರೆ, ಅಷ್ಟು ಒಳಗಿನ ಬೆಲ್ಟು ಯಾರೂ ತೊಳೆಯಲ್ಲ." ಎಳೆದೆ. ಕೊನೆಯ ಒಂದು ಮೊಳದಲ್ಲಿ ಒಣಗಿದ ಕೆಸರಿನ ಗೆರೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರಿನ ಕಡೆ ವಿಲ್ಲಾಗಳೊಳಗೆ ನೀರು ನುಗ್ಗಿ ಕೋಟಿಗಟ್ಟಲೆ ಬೆಲೆಯ ಕಾರುಗಳು ಮುಳುಗಿದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದವರೇ. ಈ ಕಾರು ಎಲ್ಲಿ ಮುಳುಗಿತ್ತೋ, ಮುಳುಗಿದ್ದಂತೂ ನಿಜ. ಈ ಕಾರುಗಳಲ್ಲಿ ಹತ್ತಾರು ಕಂಪ್ಯೂಟರ್ ಪೆಟ್ಟಿಗೆಗಳಿರುತ್ತವೆ. ನೀರು ಹೊಕ್ಕ ತಂತಿ ಇವತ್ತು ಕೆಲಸ ಮಾಡಿದರೂ ಒಳಗೊಳಗೇ ಪಾಚಿಗಟ್ಟಿ ವರ್ಷದ ಮೇಲೆ ಕೈಕೊಡುತ್ತದೆ. ನಮ್ಮವರು ಬೆಲ್ಟನ್ನು ನೋಡಿದರು, ನನ್ನನ್ನು ನೋಡಿದರು, ಮಾತಾಡದೆ ಎದ್ದರು.

ಆಮೇಲೆ ನಾವಿಬ್ಬರೂ ಪರೀಕ್ಷೆಗೆ ಓದುವ ಮಕ್ಕಳ ಹಾಗೆ ಓದಿದೆವು. ಒಳ್ಳೆಯ ಹೆಸರಿನ ಮನೆತನದಲ್ಲೂ ಒಬ್ಬ ಉಡಾಳ ಹುಟ್ಟುವಂತೆ, ದೊಡ್ಡ ಕಂಪನಿಗಳಲ್ಲೂ ತಂಟೆಯ ಮಾಡೆಲ್‌ಗಳಿರುತ್ತವೆ. ಬಿಎಂಡಬ್ಲ್ಯು ಕಂಪನಿಯ ಎನ್ 47 ಎಂಬ ಡೀಸೆಲ್ ಎಂಜಿನ್ 2007ರಿಂದ ಬಂತು. ಅದರ ಟೈಮಿಂಗ್ ಚೈನು ಎಂಜಿನ್ನಿನ ಹಿಂಬದಿಯಲ್ಲಿ, ಗೇರ್‌ಬಾಕ್ಸಿನ ಕಡೆಗಿದೆ. ಮೊದಲ ವರ್ಷಗಳ ಕಾರುಗಳಲ್ಲಿ ಅದು ಬೇಗ ಸವೆಯುತ್ತಿತ್ತು. ತುಂಡಾದರೆ ಎಂಜಿನ್ನೇ ಹೋಗುತ್ತದೆ. ಬದಲಿಸುವುದೂ ಸಣ್ಣ ಕೆಲಸವಲ್ಲ. ವೋಕ್ಸ್‌ವ್ಯಾಗನ್ ಬಳಗದ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ಗೇರ್‌ಬಾಕ್ಸಿನ ತೊಂದರೆಗಾಗಿ 2013ರಲ್ಲಿ ಚೀನಾ ಒಂದರಲ್ಲೇ 3.8 ಲಕ್ಷ ಕಾರುಗಳನ್ನು ವಾಪಸು ಕರೆಸಿದ್ದರು. ಕೆಲವು ದೊಡ್ಡ ಕಾರುಗಳಿಗೆ ಸ್ಪ್ರಿಂಗಿನ ಬದಲು ಗಾಳಿಚೀಲದ ಸಸ್ಪೆನ್ಷನ್ ಇರುತ್ತದೆ. ವಯಸ್ಸಾದಂತೆ ರಬ್ಬರು ಬಿರಿದು ಗಾಳಿ ಸೋರಿ, ರಾತ್ರಿ ನಿಲ್ಲಿಸಿದ ಕಾರು ಬೆಳಗ್ಗೆ ಒಂದು ಮೂಲೆಗೆ ಕುಸಿದು ಕೂತಿರುತ್ತದೆ, ಮಂಡಿ ಹಿಡಿದ ನಮ್ಮ ಹಾಗೆ.

ಆದ್ದರಿಂದ ಕಾರು ನೋಡಲು ಬೆಳಗ್ಗೆಯೇ ಹೋಗಬೇಕು, ನಾವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಡಬೇಕು. ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ, ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿರಬಹುದು. ಸವೆದ ಚೈನಿನ ಕಿರಿಕಿರಿ ಕೇಳುವುದು ತಣ್ಣಗಿನ ಎಂಜಿನ್ನಿನಲ್ಲೇ. ಮೀಟರು 40 ಸಾವಿರ ಎಂದು ತೋರಿಸಿ, ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ ಪೆಡಲನ್ನು ನಂಬಿ. ಟೈರಿನ ಮೇಲೆ ನಾಲ್ಕು ಅಂಕಿಗಳಿರುತ್ತವೆ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಚಾಸಿ ನಂಬರು ಕೊಟ್ಟು ಕಂಪನಿಯ ಸರ್ವೀಸ್ ದಾಖಲೆ ತೆಗೆಸಿ. ಟಕಾಟಾ ಕಂಪನಿಯ ದೋಷದ ಏರ್‌ಬ್ಯಾಗುಗಳನ್ನು ಹೋಂಡಾ ಸೇರಿದಂತೆ ಹಲವು ಕಂಪನಿಗಳು ಬಿಟ್ಟಿಯಾಗಿ ಬದಲಿಸಿಕೊಟ್ಟವು. ನೀವು ನೋಡಿದ ಕಾರಿಗೆ ಅದು ಆಗಿದೆಯೇ ಎಂಬುದೂ ಅದೇ ನಂಬರಿನಿಂದ ತಿಳಿಯುತ್ತದೆ. ಕೊನೆಗೆ ಒಳ್ಳೆಯ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿಸಿ. ಅದಕ್ಕೆ ಒಪ್ಪದ ಮಾರಾಟಗಾರನಿಗೆ ಅಲ್ಲೇ ನಮಸ್ಕಾರ ಹೇಳಿ ಬನ್ನಿ.

ಇದೆಲ್ಲದರ ಮೇಲೆ ಇನ್ನೊಂದು ಪ್ರಶ್ನೆ: ಕೆಟ್ಟರೆ ಎಲ್ಲಿ ರಿಪೇರಿ? ನಮ್ಮೂರಿಂದ ಬೆಂಗಳೂರು 300 ಕಿಲೋಮೀಟರು. ಗಂಟಲು ನೋವಿಗೂ ದಿಲ್ಲಿಗೆ ಹೋಗುವಂಥ ಕಾರು ನಮಗೆ ಬೇಡವೆಂದೆ. ಹಾಗೆ ಸೋಸಿ ಸೋಸಿ ಉಳಿದದ್ದು ಟೊಯೋಟಾ ಕ್ಯಾಮ್ರಿ ಹೈಬ್ರಿಡ್. 2013ರಿಂದ ನಮ್ಮ ಬಿಡದಿಯಲ್ಲೇ ಜೋಡಿಸಿದ ಕಾರು. ಅದರಲ್ಲಿ ಸವೆಯುವ ಕ್ಲಚ್ಚಿಲ್ಲ, ಬೇರೆ ಸ್ಟಾರ್ಟರ್ ಮೋಟಾರಿಲ್ಲ. ಭಯವಿರುವುದು ದೊಡ್ಡ ಬ್ಯಾಟರಿಯದು, ಅದನ್ನು ಪರೀಕ್ಷೆ ಮಾಡಿಸಿ ವರದಿ ತೆಗೆದುಕೊಂಡೆ. ಒಬ್ಬರೇ ಓನರು, ಪೂರ್ತಿ ಸರ್ವೀಸ್ ದಾಖಲೆ. ಬ್ಯಾಂಕಿನಲ್ಲಿ ಒಂದೂವರೆ ಲಕ್ಷ ಬೇರೆಯಾಗಿ ತೆಗೆದಿಟ್ಟ ಮೇಲೆಯೇ ಚೆಕ್ಕು ಬರೆದದ್ದು. ಅದು ಆನೆಯ ಮೇವು.

"ಮರ್ಸಿಡಿಸ್ ಅಲ್ಲವಲ್ಲೇ" ಎಂದು ನಮ್ಮವರು ಒಂದು ವಾರ ಸಪ್ಪಗಿದ್ದರು. ಪೂಜೆ ಮಾಡಿ, ಹಿಂದಿನ ಬಾಗಿಲು ತೆಗೆದು, "ಅಮ್ಮಾ, ಕೂತ್ಕೋ" ಅಂದರು. ಅತ್ತೆ ಒಳಗೆ ಇಣುಕಿ ನೋಡಿ, "ಹಿಂದೆ ಯಾಕೋ ಮಗಾ? ನಿಮ್ಮಪ್ಪ ಕಂಡ ರಸ್ತೆ ನಾನೂ ಕಾಣ್ತೀನಿ" ಎಂದು ಮುಂದೆ, ಮಗನ ಪಕ್ಕದಲ್ಲಿ ಕೂತರು. ಅವರ ಬೆಲ್ಟನ್ನು ನಾನೇ ಹಾಕಿದೆ. ನಮ್ಮವರು ಸ್ವಲ್ಪ ಹೊತ್ತು ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಿದ್ದರು. ಮರ್ಸಿಡಿಸ್ ಮಾತು ಆಮೇಲೆ ನಮ್ಮ ಮನೆಯಲ್ಲಿ ಬಂದಿಲ್ಲ.

ಹಿಂದಿನ ಸೀಟು ಈಗ ನನ್ನದು. ಬ್ಯಾಟರಿಗೆ ಗಾಳಿ ಎಳೆಯುವ ಕಿಂಡಿ ಅಲ್ಲೇ ಇದೆ. ಧೂಳು ಕಟ್ಟದಂತೆ ಅದನ್ನು ಒರೆಸುವ ಕೆಲಸವೂ ನನ್ನದೇ.